ಮುಳ್ಳು ನಿಲ್ಲುವ ಜಾಗ

ಹಾಸನದ ತೂಕ-ಅಳತೆ ಕಚೇರಿಯಲ್ಲಿ
ಮೂವತ್ತೊಂದು ವರ್ಷ
ತೂಕದ ಕಲ್ಲುಗಳ ತಳಕ್ಕೆ ಮುದ್ರೆ ಒತ್ತಿದವನು ನಾನು.
ಕಬ್ಬಿಣದ್ದಾದರೂ ಕಲ್ಲೆಂದೇ ಹೆಸರು.

ಬೀರುವಿನಲ್ಲಿ, ನೀಲಿ ಮಖಮಲ್ಲಿನ ಗುಳಿಯಲ್ಲಿ
ಮಲಗಿರುತ್ತಿತ್ತು ಹಿತ್ತಾಳೆಯ ಒಂದು ಕಿಲೋ.
ಬರಿಗೈಲಿ ಮುಟ್ಟುವ ಹಾಗಿಲ್ಲ,
ಬೆರಳ ಜಿಡ್ಡಿಗೂ ಭಾರವಿದೆ.
ಪೇಟೆಯ ಕಲ್ಲುಗಳೆಲ್ಲ ಅದರ ಮುಂದೆ ಬಂದು
ತಪ್ಪೊಪ್ಪಿಕೊಳ್ಳುತ್ತಿದ್ದವು:
ಸವೆದದ್ದು, ತುಕ್ಕು ತಿಂದದ್ದು,
ತಳದ ಸೀಸ ಕೆರೆದು ಯಾರೋ ಹಗುರಾಗಿಸಿದ್ದು.

ಎರಡು ವರ್ಷಕ್ಕೊಮ್ಮೆ ಅದನ್ನೂ
ಮಡಿಲಲ್ಲಿಟ್ಟುಕೊಂಡು ಕೆಂಪು ಬಸ್ಸು ಹತ್ತುತ್ತಿದ್ದೆ
ಬೆಂಗಳೂರಿನ ಇನ್ನೊಂದರ ಮುಂದೆ ನಿಲ್ಲಿಸಲು.
ಲಗೇಜು ಎಷ್ಟು ಕೆಜಿ ಎಂದ ಕಂಡಕ್ಟರು.
ಸರಿಯಾಗಿ ಗೊತ್ತಿಲ್ಲ, ಅದಕ್ಕೇ ಹೋಗ್ತಿರೋದು ಎಂದೆ.
ಆ ಇನ್ನೊಂದು ಮತ್ತೊಂದರ ಮುಂದೆ ನಿಲ್ಲಬೇಕು.
ಆ ಮತ್ತೊಂದು?
ಚನ್ನರಾಯಪಟ್ಟಣ ದಾಟುವಾಗ ಹೊಳೆಯಿತು:
ಈ ಸಾಲಿನ ತುದಿಗೆ ಇರುವುದಕ್ಕೆ
ತೂಕವೇ ಇರಲಾರದು.

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ತಕ್ಕಡಿ ರಿಪೇರಿಯ ಗೌಸ್‌ಪೀರ್‌ಗೆ ಇದನ್ನು ಹೇಳಿದರೆ
ಅರದಿಂದ ಕಣ್ಣೆತ್ತದೆ ಅಂದ:
"ಸ್ವಾಮಿ, ನಮ್ಮಜ್ಜನ ಕಾಲದ ಸೇರು ಎಲ್ಲಿ, ಚಟಾಕು ಎಲ್ಲಿ?
ಸರ್ಕಾರ ಬೇಡ ಅಂತು, ಸತ್ತವು.
ನಾಳೆ ಕಿಲೋಗೂ ಅದೇ ಗತಿ.
ನಾವು ಒಪ್ಪಿದ್ದೇ ಅಳತೆ."

ಹೌದು. ಕಿಲೋ ನಮ್ಮದು, ಸೇರೂ ನಮ್ಮದಾಗಿತ್ತು.
ಆದರೆ ಅವನ ಅಂಗಡಿ ಕಟ್ಟೆಯಲ್ಲಿ
ಆಲೂಗಡ್ಡೆ ಹರವಿ ಕೂತಿದ್ದಳು ಜವರಮ್ಮ.
ನನ್ನ ಇಲಾಖೆಗೆ ಹೆದರಿ ತಕ್ಕಡಿಯನ್ನೇ ಇಟ್ಟವಳಲ್ಲ,
ಗುಡ್ಡೆ ಲೆಕ್ಕದಲ್ಲಿ ಮಾರುವವಳು.
ಸಂಜೆಗೆ ಉಳಿದದ್ದು ಏಳು.
ಎರಡು ಗುಡ್ಡೆ ಮಾಡಿದಳು, ಒಂದು ಮಿಕ್ಕಿತು.
ಕೆಡಿಸಿ ಮೂರು ಮಾಡಿದಳು, ಮತ್ತೆ ಒಂದು ಮಿಕ್ಕಿತು.
"ಎಲ್ಲಿಂದ ಬತ್ತದೋ ಹಾಳಾದ್ದು!"
"ಕುಯ್ದು ಹಂಚು" ಎಂದ ಗೌಸ್‌ಪೀರ್.
"ಕುಯ್ದ ಗಡ್ಡೆ ನಿಮ್ಮಪ್ಪ ತಗಂತಾನಾ?"

ಆ ಒಂದನ್ನು ಉಳಿಸಿದ್ದು ಯಾರು?
ಜವರಮ್ಮನಲ್ಲ, ಅವಳಿಗದು ನಷ್ಟ.
ಸರ್ಕಾರವೂ ಅಲ್ಲ.
ಏಳು ಇಂದಿನಿಂದ ಸಮಪಾಲಾಗತಕ್ಕದ್ದು ಎಂದು
ಗೆಜೆಟ್ಟು ಹೊರಡಿಸಲಿ,
ಒಂದು ಮಿಗುತ್ತದೆ,
ಮುದ್ರೆಯಿಲ್ಲದೆ, ಯಾರ ಸಹಿಯೂ ಇಲ್ಲದೆ.

ಈ ಊರಿಗೆ ಹೆಸರಿಲ್ಲದಾಗ,
ಎಣಿಸುವ ಬೆರಳು ಯಾವ ಕೈಗೂ ಮೂಡಿರದಾಗ
ಹೇಮಾವತಿ ತಂದು ಬಿಟ್ಟ ಏಳು ಉರುಟುಕಲ್ಲುಗಳನ್ನು
ಎಷ್ಟು ಮಳೆಗಾಲ ಉರುಳಿಸಿದರೂ
ಸಮನಾದ ಎರಡು ಸಾಲಾಗಿ
ನಿಲ್ಲಿಸಲು ಹೊಳೆಗೆ ಆಗಲಿಲ್ಲ.
ಮೀನು ನೋಡಿತು. ಮೀನಿಗೆ ತಿಳಿಯಲಿಲ್ಲ.
ತಿಳಿಯದ್ದರಿಂದ ಏನೂ ಸಡಿಲಾಗಲಿಲ್ಲ.

"ಹಾಗಾದರೆ ಎಲ್ಲಿದೆ ಅದು?"
ಈಗ ಅರ ಕೆಳಗಿಟ್ಟಿದ್ದ ಗೌಸ್‌ಪೀರ್.
"ಪೆನ್ಷನ್ ಮೊಹಲ್ಲಾದಲ್ಲೋ, ಸಾಲಗಾಮೆ ರಸ್ತೆಯಲ್ಲೋ?
ಜಾಗ ಇಲ್ಲ, ಭಾರ ಇಲ್ಲ, ತುಕ್ಕಿಲ್ಲ ಅಂತೀರಿ.
ನಾವು ಮುಟ್ಟಲಾಗದ್ದು, ನಮ್ಮನ್ನು ಮುಟ್ಟದ್ದು,
ನಿಮ್ಮ ತಲೆಯೊಳಗೆ ಹೇಗೆ ಬಂತು ಸ್ವಾಮಿ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ.
ನಿವೃತ್ತನಾದ ಮೇಲೆ ಪೇಪರಿನಲ್ಲಿ ಓದಿದೆ,
ಕಿಲೋವನ್ನು ಲೋಹದಿಂದ ಬಿಡಿಸಿ
ಒಂದು ಸಂಖ್ಯೆಗೆ ಕಟ್ಟಿದ್ದಾರಂತೆ.
ಹೇಳಲು ಹೋದರೆ ಅವನ ಅಂಗಡಿಗೆ ಬೀಗ,
ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಶೋರೂಮು.

ಅಂದು ಮಾತ್ರ ಅವನು
ಆಗಷ್ಟೇ ಅರ ಹಾಕಿದ ತಕ್ಕಡಿಯನ್ನು ಎತ್ತಿ ಹಿಡಿದ.
ಎರಡೂ ತಟ್ಟೆ ಖಾಲಿ.
ಮುಳ್ಳು ಈಚೆ ವಾಲಿತು, ಆಚೆ ವಾಲಿತು,
ಲಾರಿ ಹೋದರೆ ನಡುಗಿತು,
ಜವರಮ್ಮ ಕೆಮ್ಮಿದರೆ ನಡುಗಿತು.
ಅಷ್ಟು ವರ್ಷದಲ್ಲಿ ಒಂದು ಮುಳ್ಳೂ
ಪೂರ್ತಿ ನಿಂತದ್ದು ನಾನು ಕಂಡಿಲ್ಲ.
ಎಲ್ಲವೂ ನಡುಗುವುದು ಮಾತ್ರ
ಅದೇ ಒಂದರ ಆಚೀಚೆಗೆ.

ಅಗೋ ಎಂದು ತೋರಿಸಹೋದೆ.
ನನ್ನ ಬೆರಳ ಗಾಳಿಗೆ ಮುಳ್ಳು ಮತ್ತೆ ಅಲುಗಿತು.

ಜವರಮ್ಮ ಮೂರು ಗುಡ್ಡೆಯನ್ನೂ ಯಾರಿಗೋ ಮಾರಿ
ಮಿಕ್ಕಿದ್ದನ್ನು ನನ್ನ ಚೀಲಕ್ಕೆ ಎಸೆದಳು:
"ತಗಳಿ, ಕೊಸರು."
ಇಲಾಖೆಯವನು ಕೊಸರು ತೆಗೆದುಕೊಳ್ಳಬಾರದು.
ತೆಗೆದುಕೊಂಡೆ.
ರಾತ್ರಿ ಕೆಂಡದಲ್ಲಿ ಸುಟ್ಟು ಉಪ್ಪು ಹಚ್ಚಿ ತಿಂದೆ.
ಗಡ್ಡೆಯಷ್ಟೇ ಮುಗಿದದ್ದು.